ಡ್ಯಾಕ್ ಮ್ಯಾಲ ಯಾವಾಗಲೂ 48, ತಂಬೂರಿ ನಡುವ ಚಟ್ ಸದ್ದು, ಮ್ಯಾಲೊಂದು ಗುಂಯ್ – ಕಲಬುರಗಿ

ಸೇಡಂ_ರಸ್ತೆ:
ಶರಣ್ರಿ ಎಲ್ಲರಿಗೂ. ವಿಂಡೋಸ್ 11 ಡೆಸ್ಕ್‌ಟಾಪ್, ಅದಕ್ಕ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪ್‌ಗೆ ಹೋಗೋ ಸದ್ದಿನ ಸಿಗ್ನಲ್ ಮಾಡೋ ಡಬ್ಬಿ), ಅಲ್ಲಿಂದ ಆರ್‌ಸಿಎ ವೈರ್‌ಲೆ ಆಂಪ್ಲಿಫೈಯರ್. ಹಾಡೆಲ್ಲಾ ಸಿಡಿಯಿಂದ ತೆಗೆದ ಫ್ಲ್ಯಾಕ್ (ಗುಣಮಟ್ಟ ಕಳೀದೆ ಕುಗ್ಗಿಸಿದ ಫೈಲು), 16 ಬಿಟ್ 44.1 ಕಿಲೋಹರ್ಟ್ಸ್. ಆದ್ರ ಡ್ಯಾಕ್ ಪರದೆ 48 ಅಂತನೇ ತೋರಸ್ತದ. ಆಲಾಪ ಶುರುವಾಗೋ ಮುಂಚೆ ಬರೇ ತಂಬೂರಿ ನಡೀತಿರ್ತದಲ್ಲ, ಅಲ್ಲಿ ನಡುನಡುವ ಚಟ್ ಅಂತದ. ಹಾಡು ನಿಲ್ಲಿಸಿದ್ರೂ ಸ್ಪೀಕರ್‌ನಾಗ ಗುಂಯ್ ನಿಲ್ಲಲ್ಲ. ಎಲ್ಲಿಂದ ಹಿಡೀಲಿ?

ತಂಬೂರಿ_ತಂತಿ:
ಮೊದಲ 48ರದು ಮುಗಸ್ರಿ. ವಿಂಡೋಸ್ ಎಲ್ಲಾ ಸದ್ದನ್ನೂ ತನ್ನ ಮಿಕ್ಸರ್‌ನಾಗ ಕೂಡಿಸಿ, ಒಂದೇ ದರಕ್ಕ ತಿರುಗಿಸಿ ಕಳಸ್ತದ. ಫೂಬಾರ್2000 ಅನ್ನೋ ಮ್ಯೂಸಿಕ್ ಪ್ಲೇಯರ್ ಹಾಕ್ರಿ. ಪ್ರಿಫರೆನ್ಸಸ್, ಪ್ಲೇಬ್ಯಾಕ್, ಔಟ್‌ಪುಟ್ ಒಳಗ ನಿಮ್ಮ ಡ್ಯಾಕ್ ಹೆಸರಿಗೆ ಎಕ್ಸ್‌ಕ್ಲೂಸಿವ್ (ಡ್ಯಾಕ್ ಆ ಪ್ಲೇಯರ್ ಒಂದಕ್ಕೇ ಮೀಸಲು) ಅಂತ ಹಚ್ಚಿರೋದನ್ನ ಆರಿಸ್ರಿ. ಸದ್ದು ತಿದ್ದೋ ಡಿಎಸ್‌ಪಿ ಪಟ್ಟಿ ಖಾಲಿ ಇರಲಿ, ಪ್ಲೇಯರ್ ವಾಲ್ಯೂಮ್ ಪೂರ್ತಿ ಇರಲಿ, ಸದ್ದು ಆಂಪ್‌ನಾಗ ಇಳಸ್ರಿ. ಪರದೆ ಮ್ಯಾಲ 44.1 ಬಂತಂದ್ರ ಮಿಕ್ಸರ್ ದಾರಿಯಿಂದ ಸರೀತು. ಹಾಡು ನಡೆದಾಗ ಬ್ರೌಸರ್ ಆ ಡ್ಯಾಕ್‌ನಾಗ ಮಾತಾಡಲ್ಲ, ಗಾಬರಿ ಆಗಬ್ಯಾಡ್ರಿ.

ಚಟ್ ಸದ್ದು ಬ್ಯಾರೆ. ಯಾವುದೋ ಡ್ರೈವರ್ ಪ್ರೊಸೆಸರನ್ನ ಹಿಡಕೊಂಡು ಕುಂತಾಗ ಬಫರ್ (ಮುಂದಿನ ಸದ್ದು ಕೂಡಿಟ್ಟ ಜಾಗ) ಖಾಲಿ ಆಗ್ತದ, ಅದೇ ಚಟ್. ಯಾವ ಡ್ರೈವರ್ ತಡ ಮಾಡ್ತದ ಅಂತ ತೋರಸೋ ಲೇಟೆನ್ಸಿಮಾನ್ ಪ್ರೋಗ್ರಾಂ 10 ನಿಮಿಷ ಓಡಸ್ರಿ. ವಿಂಡೋಸ್ ನೆಟ್‌ವರ್ಕಿನ ಎನ್‌ಡಿಐಎಸ್ ಫೈಲಿನ ಹೆಸರು ಮ್ಯಾಲ ಬಂದ್ರ ವೈಫೈ ಮ್ಯಾಲ ಅನುಮಾನ. ಡಿವೈಸ್ ಮ್ಯಾನೇಜರ್‌ನಾಗ ಅದನ್ನ ಬಂದ್ ಮಾಡಿ ಕೇಳ್ರಿ. ನಿಂತ್ರ ಹೊಸ ಡ್ರೈವರ್ ಹಾಕ್ರಿ, ಇಲ್ಲಾ ಲ್ಯಾನ್ ವೈರ್ ಎಳೀರಿ. ಪವರ್ ಪ್ಲಾನ್‌ನಾಗ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟ್ ಉಳಸೋಕ ಯುಎಸ್‌ಬಿ ಮಲಗಿಸೋದು) ಸಹ ಆಫ್ ಮಾಡ್ರಿ. ಡ್ಯಾಕನ್ನ ಹಬ್‌ಗೆ ಬ್ಯಾಡ, ಹಿಂದಿನ ಪೋರ್ಟಿಗೆ ನೇರ ಚುಚ್ಚರಿ.

ಬಿಸಿಲುನಾಡು:
ಗುಂಯ್ ಹುಡುಕೋಕ ಆಂಪ್ ಬಂದ್ ಮಾಡಿ ಆರ್‌ಸಿಎ ಕಿತ್ತು ಮತ್ತ ಆನ್ ಮಾಡ್ರಿ. ಆಗಲೂ ಇದ್ರ ಆಂಪ್‌ದೇ ದೋಷ. ಹೋದ್ರ ಬಹುತೇಕ ಅರ್ಥಿಂಗ್ ಸುತ್ತು: ಪಿಸಿ ಒಂದು ಸಾಕೆಟ್, ಆಂಪ್ ಇನ್ನೊಂದು, ನಡುವ ಆರ್‌ಸಿಎ ಹೊರಪದರದಾಗ ಕರೆಂಟ್ ಹರೀತದ. ಎರಡನ್ನೂ ಒಂದೇ ಬೋರ್ಡಿಗೆ ತರ್ರಿ. ಅರ್ಥ್ ಪಿನ್ ಮಾತ್ರ ಮುರೀಬ್ಯಾಡ್ರಿ, ಜೀವಕ್ಕ ಅಪಾಯ. ನಮ್ಮ ಎರಿ ಮಣ್ಣು ಬ್ಯಾಸಗ್ಯಾಗ ಒಣಗಿ ಬಿರಿತದ, ಅರ್ಥಿಂಗ್ ತಗ್ಗಿಗೆ ನೀರು ಹಾಕಸ್ರಿ. ಮದರ್‌ಬೋರ್ಡ್ ಮತ್ತು ಡ್ಯಾಕ್ ಎರಡಕ್ಕೂ ಆಪ್ಟಿಕಲ್ (ಬೆಳಕಿನಲೆ ಸದ್ದು ಕಳಸೋ ವೈರಿನ ಕಿಂಡಿ) ಇದ್ರ ಅದೇ ಒಳ್ಳೇದು, ಬೆಳಕಿನೊಳಗ ಕರೆಂಟ್ ಹರಿಯಲ್ಲ. ಯುಎಸ್‌ಬಿ ಐಸೊಲೇಟರ್ (ಪಿಸಿ, ಡ್ಯಾಕ್ ನಡುವಿನ ಕರೆಂಟ್ ದಾರಿ ಕಡಿಯೋ ಡಬ್ಬಿ) ತಗೊಳ್ಳೋದಿದ್ರ 480 ಎಂಬಿಪಿಎಸ್ ಅಂತ ನೋಡಿ ತಗೋರಿ. 12ರದು ಹಾಕಿದ್ರ ಭಾಳಷ್ಟು ಹೈ-ರೆಸ್ ಡ್ಯಾಕ್ ಏಳಲ್ಲ.

ಸೇಡಂ_ರಸ್ತೆ:
44.1 ಬಂತ್ರಿ! ವೈಫೈ ಬಂದ್ ಮಾಡಿದ ಮ್ಯಾಲ ಚಟ್ ಇಲ್ಲ. ಒಂದೇ ಬೋರ್ಡಿಗೆ ಹಾಕಿದ್ದಕ್ಕ ಗುಂಯ್ ಸಹ ಹೋಯ್ತು. ಈಗ ಪಿಸಿ ಫ್ಯಾನ್ ಕೇಳಸ್ಲಿಕತ್ತದ.

ತಂಬೂರಿ_ತಂತಿ:
ಧೂಳು ಊದಸ್ರಿ. ಆಮ್ಯಾಲ ಪವರ್ ಪ್ಲಾನ್‌ನಾಗ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಮಾಡ್ರಿ. ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ಹೆಚ್ಚಿನ ವೇಗಕ್ಕ ಏರೋದು) ನಿಂತು ಕಾವು ಇಳೀತದ, ಫ್ಯಾನ್ ಸದ್ದು ತಗ್ಗತದ. ಫ್ಲ್ಯಾಕ್ ಬಿಚ್ಚೋಕ ಅಷ್ಟು ತಾಕತ್ತು ಬೇಕಾಗಂಗಿಲ್ಲ. ಮನ್ಯಾಗ ಶಹಾಬಾದ್ ಪರಸಿ ಇದ್ರ ಸ್ಪೀಕರಿಗೂ ನಿಮಗೂ ನಡುವ ದಪ್ಪ ಜಮಖಾನ ಹಾಸ್ರಿ. ಕಲ್ಲಿಗೆ ಬಡಿದು ಬರೋ ಸದ್ದು ತಂಬೂರಿ ಜವಾರಿಯನ್ನ (ತಂತಿಯ ಝೇಂಕಾರ) ಕಲಕ್ತದ.