ಹೊರದೇಶದಲ್ಲಿ ಆಡುತ್ತಿರುವ ಹಳೆ ವಿದ್ಯಾರ್ಥಿನಿಯಿಂದ ಶಾಲೆ ಏನನ್ನು ಕೇಳಬೇಕು?

ಪ್ರಶ್ನೆ: ಕಾಪು ಕಡೆಯ ದೈಹಿಕ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಕಾಪು ಸಮೀಪದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ವಾಲಿಬಾಲ್ ಮತ್ತು ಕಬಡ್ಡಿಯನ್ನೇ ಉಸಿರಾಡುವ ನಮ್ಮ ಊರಿನಲ್ಲಿ ಬಾಸ್ಕೆಟ್‌ಬಾಲ್ ಉಳಿದುಕೊಂಡದ್ದು ಒಂದು ಹಳೆಯ ಸಿಮೆಂಟಿನ ಅಂಕಣದಿಂದ ಮತ್ತು ಬೆಳಿಗ್ಗೆ ಆರು ಗಂಟೆಗೇ ಅಲ್ಲಿಗೆ ಬಂದು ನಿಲ್ಲುತ್ತಿದ್ದ ಕೆಲವು ಹೆಣ್ಣುಮಕ್ಕಳಿಂದ. ಅವರಲ್ಲಿ ಒಬ್ಬಳು ಮುಂದೆ ರಾಜ್ಯ ತಂಡಕ್ಕೆ ಆಡಿ, ಈಗ ಮೂರು ವರ್ಷಗಳಿಂದ ಆಸ್ಟ್ರೇಲಿಯದ ಒಂದು ಪ್ರಾಂತೀಯ ಲೀಗಿನಲ್ಲಿ ಸಂಭಾವನೆ ಪಡೆದು ಆಡುತ್ತಿದ್ದಾಳೆ. ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಬರುವವಳಿದ್ದಾಳೆ. ಕಳೆದ ವಾರ ನನಗೆ ಹೀಗೆ ಬರೆದಿದ್ದಳು: "ಸರ್, ಈ ಸಲ ಶಾಲೆಗೆ ಏನಾದರೂ ಮಾಡಬೇಕೆಂದಿದ್ದೇನೆ. ಏನು ಬೇಕೆಂದು ನೀವೇ ಹೇಳಿ."

ಆಡಳಿತ ಮಂಡಳಿಯ ಹಿರಿಯರು ವಾರ್ಷಿಕೋತ್ಸವದಲ್ಲಿ ಅವಳನ್ನು ಸನ್ಮಾನಿಸಿ, ಅವಳ ಮನೆತನದ ಹೆಸರಿನಲ್ಲಿ ಶಾಲೆಗೊಂದು ಮಹಾದ್ವಾರ ಕಟ್ಟಿಸಿಕೊಡುವಂತೆ ಕೇಳೋಣ ಎನ್ನುತ್ತಿದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಮುಂಬಯಿಗೆ ಹೋಗಿ ಹೋಟೆಲು ಕಟ್ಟಿದವರು, ಗಲ್ಫಿಗೆ ಹೋಗಿ ದುಡಿದವರು ಊರಿನ ಶಾಲೆಗೆ ಕೋಣೆ ಕಟ್ಟಿಸಿಕೊಟ್ಟ, ದೈವಸ್ಥಾನದ ಜೀರ್ಣೋದ್ಧಾರಕ್ಕೆ ಕೈಜೋಡಿಸಿದ ಪರಂಪರೆ ನಮ್ಮದು. ಆದರೆ ನನ್ನ ಮನಸ್ಸು ಆ ಅಂಕಣದ ಮೇಲೆಯೇ ಇದೆ. ಜೂನ್ ಎರಡನೆಯ ವಾರಕ್ಕೆ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಹಿಂದಿನ ಸಂಜೆ ಬ್ಲೀಚಿಂಗ್ ಪೌಡರ್ ಹಾಕಿಟ್ಟು, ಬೆಳಿಗ್ಗೆ ಮಕ್ಕಳು ಹಿಡಿಸೂಡಿಯಿಂದ ಉಜ್ಜಿದರೂ ಎರಡು ದಿನದಲ್ಲಿ ಮತ್ತೆ ಜಾರುತ್ತದೆ. ಈ ವರ್ಷ ಆಟಿ ತಿಂಗಳ ಮಳೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಲೇ-ಅಪ್‌ಗೆ, ಅಂದರೆ ರಿಂಗಿನ ಹತ್ತಿರದಿಂದ ಚೆಂಡು ಹಾಕಲು, ಓಡಿ ಬಂದು ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅವಳ ಪ್ಲಾಸ್ಟರಿನ ಮೇಲೆ ಸಹಪಾಠಿಗಳೆಲ್ಲ ಹೆಸರು ಬರೆದಿದ್ದರು. ಮರುದಿನದಿಂದ ಅವರಲ್ಲಿ ಅರ್ಧದಷ್ಟು ಮಂದಿ ಅಭ್ಯಾಸಕ್ಕೆ ಬರಲಿಲ್ಲ.

ಹೊರದೇಶಗಳಲ್ಲಿ ವೃತ್ತಿಪರರಾಗಿ ಆಡಿದವರು ತಮ್ಮ ಊರಿಗೆ ಏನು ಮಾಡಿದ್ದಾರೆ, ನಾವು ಅವಳಲ್ಲಿ ಏನನ್ನು, ಎಷ್ಟನ್ನು ಕೇಳುವುದು ನ್ಯಾಯ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ತರಬೇತುದಾರ, ಮಂಗಳೂರು

ಮಾಸ್ಟ್ರೇ, ನಿಮ್ಮ ಪ್ರಶ್ನೆಯನ್ನು ಓದಿದಾಗ ನನಗೆ ಮೊದಲು ನೆನಪಾದವರು ಬಾಸ್ಕೆಟ್‌ಬಾಲ್ ಆಟಗಾರ ಡಿಕೆಂಬೆ ಮುಟೊಂಬೊ. ಕಾಂಗೊ ದೇಶದ ಕಿನ್ಶಾಸಾದಲ್ಲಿ ಹುಟ್ಟಿದ ಅವರು 1987ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನ ಪಡೆದು ಹೋದದ್ದು ವೈದ್ಯರಾಗಬೇಕೆಂಬ ಆಸೆಯಿಂದ. ಅಲ್ಲಿ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದರು. 1991ರಲ್ಲಿ ಹೊಸ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಡೆನ್ವರ್ ನಗೆಟ್ಸ್ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿಕೊಂಡಿತು. ಹದಿನೆಂಟು ಋತುಗಳ ಕಾಲ ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಆಡಿದ ಅವರು ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದರು. ಇಷ್ಟನ್ನು ಆಟದ ಪುಸ್ತಕಗಳೆಲ್ಲ ಹೇಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಗಲಭೆಯ ದಿನಗಳಲ್ಲಿ ಕಿನ್ಶಾಸಾದ ರಸ್ತೆಗಳು ಮುಚ್ಚಿದ್ದರಿಂದ ಅವರ ತಾಯಿ ಆಸ್ಪತ್ರೆಗೆ ತಲುಪಲಾಗದೆ ತೀರಿಕೊಂಡರು. ಮಗ ಅದೇ ನಗರದಲ್ಲಿ ತಾಯಿ ಬಿಯಾಂಬಾ ಮಾರಿಯವರ ಹೆಸರಿನಲ್ಲಿ 300 ಹಾಸಿಗೆಗಳ ಆಸ್ಪತ್ರೆಯನ್ನು ಕಟ್ಟಿಸಿದರು. ಅದರ ವೆಚ್ಚ ಸುಮಾರು 2.9 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವರೇ ಭರಿಸಿದರು. 2007ರಿಂದ ಅಲ್ಲಿ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದೆ. 2024ರ ಸೆಪ್ಟೆಂಬರ್ 30ರಂದು ಮುಟೊಂಬೊ ಮಿದುಳಿನ ಕ್ಯಾನ್ಸರಿನಿಂದ ತೀರಿಕೊಂಡ ಸುದ್ದಿ ಬಂದಾಗ, ಎದುರಾಳಿಯ ಚೆಂಡನ್ನು ತಡೆದು ಅವರು ಬೆರಳು ಆಡಿಸುತ್ತಿದ್ದ ಭಂಗಿಗಿಂತ ಮೊದಲು ನನಗೆ ನೆನಪಾದದ್ದು ಆ ಆಸ್ಪತ್ರೆ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದವರು ಲುಯೋಲ್ ಡೆಂಗ್. ಈಗಿನ ದಕ್ಷಿಣ ಸುಡಾನಿನಲ್ಲಿ ಹುಟ್ಟಿ, ಯುದ್ಧದಿಂದಾಗಿ ಕುಟುಂಬದೊಡನೆ ಈಜಿಪ್ಟಿಗೆ, ಅಲ್ಲಿಂದ ಲಂಡನ್ನಿಗೆ ಹೋಗಿ ಬೆಳೆದವರು. ಎನ್‌ಬಿಎಯ ಷಿಕಾಗೊ ಬುಲ್ಸ್ ತಂಡಕ್ಕೆ ವರ್ಷಗಟ್ಟಲೆ ಆಡಿ ನಿವೃತ್ತರಾದ ಮೇಲೆ 2019ರಲ್ಲಿ ತಮ್ಮ ದೇಶದ ಬಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದರು. 2011ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ ಆಗ ಒಂದು ಒಳಾಂಗಣ ಅಂಕಣವೂ ಇರಲಿಲ್ಲ. ಡೆಂಗ್ ಅಭ್ಯಾಸ ಶಿಬಿರಗಳನ್ನು ಬೇರೆ ದೇಶಗಳಲ್ಲಿ ಏರ್ಪಡಿಸಿದರು, ಖರ್ಚನ್ನು ಬಹುಮಟ್ಟಿಗೆ ತಮ್ಮ ಕೈಯಿಂದಲೇ ಹಾಕಿದರು, ಮೊದಮೊದಲು ತಾವೇ ತರಬೇತುದಾರರಾಗಿಯೂ ನಿಂತರು. ಆ ದೇಶದ ತಂಡ 2023ರ ವಿಶ್ವಕಪ್ಪಿಗೆ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪೋರ್ಟೊ ರಿಕೊವನ್ನು 90–79ರಿಂದ ಸೋಲಿಸಿತು. ಆ ಪಂದ್ಯವನ್ನು ನಾನು ಮನೆಯಲ್ಲಿ ಒಬ್ಬನೇ ಕುಳಿತು ನೋಡಿದ್ದೆ. ಕೊನೆಯ ನಿಮಿಷದಲ್ಲಿ ಎದ್ದು ನಿಂತಿದ್ದೆ.

ಇಬ್ಬರೂ ತಮಗೋ ತಮ್ಮವರಿಗೋ ಇಲ್ಲದೆ ಹೋದದ್ದನ್ನು ಊರಿಗೆ ಒದಗಿಸಿದರು ಎಂಬುದನ್ನು ಗಮನಿಸಿ. ಆದ್ದರಿಂದ ನಿಮ್ಮ ವಿದ್ಯಾರ್ಥಿನಿಗೆ ಬೇಡಿಕೆಯ ಪಟ್ಟಿಯನ್ನು ಕಳುಹಿಸುವ ಮುನ್ನ, "ಹದಿನಾಲ್ಕು ವರ್ಷದವಳಾಗಿದ್ದಾಗ ಈ ಅಂಕಣದಲ್ಲಿ ನಿನಗೆ ಏನು ಇರಲಿಲ್ಲ?" ಎಂದು ಕೇಳಿ. ಮಳೆಗಾಲದ ನಾಲ್ಕು ತಿಂಗಳು ಎಂದು ಅವಳು ಹೇಳಿದರೆ ನನಗೆ ಆಶ್ಚರ್ಯವಾಗದು. ಇಲಾಖೆಯ ವಲಯ, ತಾಲೂಕು, ಜಿಲ್ಲಾ ಮಟ್ಟದ ಪಂದ್ಯಗಳು ನಡೆಯುವುದೂ ಆ ತಿಂಗಳುಗಳಲ್ಲಿಯೇ. ನಮ್ಮ ಮಕ್ಕಳು ಅಭ್ಯಾಸವಿಲ್ಲದೆ ಪಂದ್ಯಕ್ಕೆ ಹೋಗಿ, ಪಂದ್ಯಗಳು ಮುಗಿದ ಮೇಲೆ ಒಣಗಿದ ಅಂಕಣದಲ್ಲಿ ಅಭ್ಯಾಸ ಮಾಡುತ್ತಾರೆ. ಮೂವತ್ತು ವರ್ಷ ಇದನ್ನು ಕಣ್ಣಾರೆ ಕಂಡವನು ನಾನು. ಮಾಡು (ಛಾವಣಿ) ಇಲ್ಲದ ಅಂಕಣ ಕರಾವಳಿಯಲ್ಲಿ ಅರ್ಧ ಅಂಕಣ ಮಾತ್ರ.

ಉತ್ತರ: ಹಳೆಯ ಪಾಯಿಂಟ್ ಗಾರ್ಡ್, ಮಂಗಳೂರು

ಕೋಚ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮುಟೊಂಬೊ ಮತ್ತು ಡೆಂಗ್ ಅವರ ಸಂಪಾದನೆಯ ಅಳತೆಯಲ್ಲಿ ಈ ಹುಡುಗಿಯನ್ನು ಯಾರೂ ನೋಡಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನಾನು ರಾಜ್ಯಕ್ಕೆ ಆಡಿದವಳು, ಈಗ ಬ್ಯಾಂಕಿನಲ್ಲಿ ಉದ್ಯೋಗಿ. ನನ್ನ ಜೊತೆ ಆಡಿದ ಇಬ್ಬರು ಹೊರದೇಶದ ಸಣ್ಣ ಲೀಗುಗಳಲ್ಲಿ ಆಡಿ ಬಂದಿದ್ದಾರೆ. ಅಲ್ಲಿ ಕರಾರು ಸಾಮಾನ್ಯವಾಗಿ ಒಂದು ಋತುವಿಗೆ ಮಾತ್ರ. ಒಂದು ತಂಡದಲ್ಲಿ ಹೊರದೇಶದವರು ಇಷ್ಟೇ ಮಂದಿ ಇರಬಹುದೆಂಬ ಮಿತಿ ಇರುವುದರಿಂದ, ಆ ಒಂದೆರಡು ಸ್ಥಾನಗಳಿಗೆ ಜಗತ್ತಿನ ಎಲ್ಲೆಡೆಯಿಂದ ಸ್ಪರ್ಧೆ ಇರುತ್ತದೆ. ತಂಡದವರು ಉಳಿದುಕೊಳ್ಳಲು ಮನೆ, ವಿಮಾನದ ಟಿಕೇಟು ಕೊಡುತ್ತಾರೆ. ಕೈಗೆ ಬರುವ ಹಣ ಊರಿನವರು ಊಹಿಸುವಷ್ಟು ಇರುವುದಿಲ್ಲ. ಮೊಣಕಾಲಿನ ಒಂದು ಅಸ್ಥಿಬಂಧ ಹರಿದರೆ ಮುಂದಿನ ಕರಾರು ಇಲ್ಲ.

ನಮ್ಮ ದೇಶದಿಂದ ಹೊರಗೆ ಹೋದವರ ದಾರಿಯನ್ನೇ ನೋಡಿ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯದ ರಿಂಗ್‌ವುಡ್ ತಂಡಕ್ಕೆ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗಾದ ಡಬ್ಲ್ಯುಎನ್‌ಬಿಎಯ ಮೂರು ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿ ಬಂದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಆದರೆ ಅವರಿಗೆ ಸ್ಥಿರವಾದ ಜೀವನಾಧಾರವಾಗಿ ಇದ್ದದ್ದು ದಕ್ಷಿಣ ರೈಲ್ವೆಯ ಉದ್ಯೋಗ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾದಾಗ ದೇಶವೇ ಸಂಭ್ರಮಿಸಿತು. ಎನ್‌ಬಿಎಯ ಒಂದು ಪಂದ್ಯವನ್ನೂ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. 2017ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಕಿಂಗ್ಸ್ ತಂಡ ಸೇರಿದ ಅಮೃತಪಾಲ್ ಸಿಂಗ್ ಅದಕ್ಕೂ ಮುನ್ನ ಜಪಾನಿನಲ್ಲಿ ಆಡಿದ್ದರು. ಒಂದೊಂದು ಋತುವಿಗೂ ಒಂದೊಂದು ಊರು, ಒಂದೊಂದು ಭಾಷೆ.

ಹಾಗಾಗಿ ಅವಳಿಂದ ಹಣಕ್ಕಿಂತ ಸಮಯವನ್ನು ಕೇಳಿ. ಮೂರು ವಾರಗಳಲ್ಲಿ ಹತ್ತು ಬೆಳಗುಗಳನ್ನು ಮಕ್ಕಳೊಡನೆ ಕಳೆಯಲಿ. ಖರ್ಚಿನ ವಿಷಯಕ್ಕೆ ಬಂದರೆ, ಹುಡುಗಿಯರ ಆರನೆಯ ಅಳತೆಯ ಒಂದು ಡಜನ್ ಚೆಂಡುಗಳನ್ನು ಕೇಳಿ, ಅಷ್ಟು ಸಾಕು. ಇದನ್ನು ಹೇಳಲು ಕಾರಣವಿದೆ. ನಾನು ಕಲಿತ ಶಾಲೆಯಲ್ಲಿ ಇದ್ದದ್ದೆಲ್ಲ ಹುಡುಗರ ಏಳನೆಯ ಅಳತೆಯ ಚೆಂಡುಗಳು. ಹನ್ನೆರಡು ವರ್ಷದ ನನ್ನ ಕೈಗೆ ಅದರ ಭಾರ ತಡೆಯದೆ, ಎದೆಯ ಮಟ್ಟದಿಂದ ಎರಡೂ ಕೈಯಲ್ಲಿ ಎಸೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಆ ಅಭ್ಯಾಸವನ್ನು ಬಿಡಿಸಲು ರಾಜ್ಯ ಶಿಬಿರದಲ್ಲಿ ಎರಡು ವರ್ಷ ಬೇಕಾಯಿತು. ಇನ್ನೂ ಚಿಕ್ಕ ಮಕ್ಕಳಿಗೆ ಐದನೆಯ ಅಳತೆಯ ಚೆಂಡು ಮತ್ತು 3.05 ಮೀಟರಿನ ಬದಲು 2.60 ಮೀಟರ್ ಎತ್ತರದ ರಿಂಗ್ ಇರಬೇಕು. ಗೋಡೆಗೆ ಅಂಥದೊಂದು ರಿಂಗ್ ಹಾಕಿಸಿ. ಐದನೆಯ ತರಗತಿಯ ಮಕ್ಕಳು ತಾವಾಗಿಯೇ ಬಂದು ಸೇರುತ್ತಾರೆ.

ಇನ್ನೊಂದು ಮಾತು. ಅವಳ ಹಾದಿಯಲ್ಲಿ ಹೋಗಬೇಕೆನ್ನುವ ಮಕ್ಕಳು ಇದ್ದೇ ಇರುತ್ತಾರೆ. ಒಂದು ದೇಶದಿಂದ ಇನ್ನೊಂದು ದೇಶದ ಲೀಗಿಗೆ ಹೋಗಲು ಹಿಂದಿನ ದೇಶದ ಒಕ್ಕೂಟದ ಅನುಮತಿ ಪತ್ರ ಬೇಕು, ಹದಿನೆಂಟು ತುಂಬುವ ಮೊದಲು ವಿಶೇಷ ಸಂದರ್ಭಗಳ ಹೊರತು ಅಂತರರಾಷ್ಟ್ರೀಯ ವರ್ಗಾವಣೆಗೆ ಅವಕಾಶವಿಲ್ಲ. ಇಂಥ ಸಂಗತಿಗಳನ್ನು ಅವಳ ಬಾಯಿಂದಲೇ ಪೋಷಕರು ಕೇಳಲಿ. ಹಣ ಪಡೆದು ಹುಸಿ ಭರವಸೆ ಕೊಡುವವರಿಂದ ಆ ಕುಟುಂಬಗಳು ಪಾರಾಗುತ್ತವೆ.

ಉತ್ತರ: ಬ್ರಹ್ಮಾವರದ ಒಬ್ಬ ತಾಯಿ

ನನಗೆ ಆಟದ ನಿಯಮಗಳು ಗೊತ್ತಿಲ್ಲ. ನನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಆಟವನ್ನು ಬಿಟ್ಟಳು, ನಾವೇ ಬಿಡಿಸಿದೆವು ಎಂದರೂ ಸರಿ. ಪಿಯುಸಿ ವಿಜ್ಞಾನ, ಸಿಇಟಿ ಕೋಚಿಂಗ್, ಸಂಜೆ ಏಳರ ಬಸ್ಸು ತಪ್ಪಿದರೆ ಮನೆಗೆ ಬರುವುದು ಹೇಗೆ ಎಂಬ ಚಿಂತೆ. ಅವಳ ಶೂ ಇನ್ನೂ ಜಗಲಿಯ ಮೂಲೆಯಲ್ಲಿದೆ. ಯಾರಾದರೂ ಆಡಿ ಬದುಕು ಕಟ್ಟಿಕೊಂಡ ಹೆಣ್ಣುಮಗಳು ನಮ್ಮ ಮನೆಗೆ ಬಂದು, ಓದು ಮತ್ತು ಆಟ ಎರಡನ್ನೂ ತಾನು ಹೇಗೆ ನಡೆಸಿದೆ ಎಂದು ಅರ್ಧ ಗಂಟೆ ಮಾತನಾಡಿದ್ದರೆ ನಾವು ಬೇರೆ ರೀತಿ ಯೋಚಿಸುತ್ತಿದ್ದೆವೋ ಏನೋ. ಮಾಸ್ಟ್ರೇ, ವೇದಿಕೆಯ ಭಾಷಣದಲ್ಲಿ ತಾಯಂದಿರು ಪ್ರಶ್ನೆ ಕೇಳುವುದಿಲ್ಲ. ಅವಳನ್ನು ಹತ್ತನೆಯ ತರಗತಿಯ ಆಟಗಾರ್ತಿಯರ ಮನೆಗಳಿಗೆ ಕರೆದುಕೊಂಡು ಹೋಗಿ. ಅಂಕಣದ ಬಳಿ ಹುಡುಗಿಯರು ಬಟ್ಟೆ ಬದಲಿಸಲು ಬಾಗಿಲು ಸರಿಯಾಗಿ ಹಾಕುವ ಒಂದು ಕೋಣೆ ಇದೆಯೇ ಎಂದೂ ದಯವಿಟ್ಟು ನೋಡಿ.

ಉತ್ತರ: ಸಿವಿಲ್ ಎಂಜಿನಿಯರ್, ಸುರತ್ಕಲ್

ಮಾಡಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತಲೂ ಕನಿಷ್ಠ 2 ಮೀಟರ್ ಅಡೆತಡೆ ಇಲ್ಲದ ಜಾಗ ಬೇಕು. ಅಂದರೆ ಕಂಬಗಳ ಒಳಗೆ 32 ಮೀಟರ್ ಉದ್ದ, 19 ಮೀಟರ್ ಅಗಲ. ಅಂಕಣದಿಂದ ಮಾಡಿನ ಅತಿ ಕೆಳಗಿನ ಭಾಗಕ್ಕೆ ಕನಿಷ್ಠ 7 ಮೀಟರ್ ಎತ್ತರವಿರಬೇಕು. ಖರ್ಚು ಉಳಿಸಲೆಂದು ಐದು ಮೀಟರಿಗೆ ಇಳಿಸಿದರೆ ಚೆಂಡು ಶೀಟಿಗೆ ತಾಗುತ್ತದೆ, ಆಮೇಲೆ ಅದು ಸಭಾಂಗಣವಾಗಿ ಉಳಿಯುತ್ತದೆ. ಸಮುದ್ರದ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಗ್ಯಾಲ್ವನೈಸ್ ಮಾಡಿದ ಪೈಪುಗಳನ್ನೇ ಬಳಸಬೇಕು. ನಮ್ಮಲ್ಲಿ ಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ. ಪಶ್ಚಿಮದ ಬದಿಯಲ್ಲಿ ಶೀಟನ್ನು ಕೆಳಗಿನವರೆಗೆ ಇಳಿಸದಿದ್ದರೆ ಮಾಡು ಇದ್ದೂ ಅರ್ಧ ಅಂಕಣ ಒದ್ದೆಯಾಗುತ್ತದೆ. ಇದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಹಳೆ ವಿದ್ಯಾರ್ಥಿ ಸಂಘ ಮುಂದೆ ನಿಂತು, ಅವಳ ಹೆಸರು ಜನರನ್ನು ಸೇರಿಸಲು ನೆರವಾಗಲಿ.

ಪ್ರಶ್ನೆ ಕೇಳಿದವರ ಮರು ಉತ್ತರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಮುದ್ರಿಸಿಕೊಂಡು ಶನಿವಾರದ ಸಭೆಯಲ್ಲಿ ಓದಿದೆ. ಬ್ರಹ್ಮಾವರದ ಅಮ್ಮನವರ ಮಾತನ್ನು ಓದುವಾಗ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷರ ಮಗಳೂ ಒಂದು ಕಾಲಕ್ಕೆ ನಮ್ಮ ತಂಡದಲ್ಲಿದ್ದವಳು. ಮಹಾದ್ವಾರದ ಮಾತನ್ನು ಮುಂದಕ್ಕೆ ಹಾಕಿದ್ದಾರೆ. ಸನ್ಮಾನ ಇರುತ್ತದೆ, ಇರಲೇಬೇಕು. ಆ ಹುಡುಗಿಯ ತಂದೆ ತಾಯಿ ವೇದಿಕೆಯ ಮೇಲೆ ಕುಳಿತುಕೊಳ್ಳುವುದನ್ನು ನಾನೂ ನೋಡಬೇಕು.

ಕೋಚ್ ಸರ್ ಹೇಳಿದ ಪ್ರಶ್ನೆಯನ್ನು ಅವಳಿಗೆ ಫೋನಿನಲ್ಲಿ ಕೇಳಿದೆ. ಅಂಕಣಕ್ಕೆ ಮಾಡು ಇರಲಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ರಜೆಯಲ್ಲಿದ್ದ ದಿನ ಅಂಕಣಕ್ಕೆ ಬೀಗ ಹಾಕಿರುತ್ತಿದ್ದರು ಸರ್, ನಾವು ಗೇಟಿನ ಹೊರಗೆ ನಿಂತು ವಾಪಸು ಹೋಗುತ್ತಿದ್ದೆವು" ಎಂದಳು. ಹತ್ತೊಂಬತ್ತು ವರ್ಷಗಳಲ್ಲಿ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಹತ್ತು ಬೆಳಗುಗಳ ಅಭ್ಯಾಸವನ್ನು ಅವಳು ಸಂತೋಷದಿಂದ ಒಪ್ಪಿದ್ದಾಳೆ. ಆ ದಿನಗಳಲ್ಲಿ ಊರಿನ ಇಬ್ಬರು ಹಳೆಯ ಆಟಗಾರ್ತಿಯರಿಗೆ ತರಬೇತಿ ನೀಡುವ ಕ್ರಮವನ್ನೂ ಹೇಳಿಕೊಡುತ್ತಾಳಂತೆ. ಬೀಗದ ಒಂದು ಕೀಲಿ ಇನ್ನು ಅವರ ಬಳಿ ಇರುತ್ತದೆ.

ಭಾನುವಾರ ಟೇಪು ಹಿಡಿದು ಅಳೆದೆವು. ಉತ್ತರ, ದಕ್ಷಿಣ, ಪಶ್ಚಿಮ ಸರಿಯಾಗಿವೆ. ಪೂರ್ವದಲ್ಲಿ ಕೆಂಪುಕಲ್ಲಿನ ಕಂಪೌಂಡ್ ಗೋಡೆಗೆ ಒಂದೂವರೆ ಮೀಟರ್ ಮಾತ್ರ ಉಳಿಯುತ್ತದೆ. ಎಂಜಿನಿಯರ್ ಸರ್, ಗೋಡೆಯನ್ನು ಹಿಂದೆ ಸರಿಸುವುದೋ, ಅಂಕಣದ ಗೆರೆಗಳನ್ನೇ ಪಡುವಣಕ್ಕೆ ಅರ್ಧ ಮೀಟರ್ ಸರಿಸಿ ಹೊಸದಾಗಿ ಎಳೆಯುವುದೋ? ಡಿಸೆಂಬರಿನೊಳಗೆ ಗೆರೆ ಎಳೆಯುವ ಕೆಲಸವನ್ನಾದರೂ ಮುಗಿಸಬೇಕೆಂದಿದ್ದೇವೆ.