ಮಾನಪತ್ರದಾಗ ಬಿದಿರಿನ ಕೋಲೂ ಬರ್ಲಿ

ನಮಸ್ಕಾರ್ರೀ ಎಲ್ಲಾರಿಗೂ. ಬೆಳಗಿನಿಂದ ಗ್ರೂಪಿನ್ಯಾಗ ನಡದದ್ದು ಎಲ್ಲಾ ನೋಡ್ಲಾಕತ್ತೀನಿ. ಇಷ್ಟೆಲ್ಲಾ ಟೈಪ್ ಮಾಡ್ಲಾಕ ನನ್ನ ಕೈಲೆ ಆಗಂಗಿಲ್ಲ, ಅದಕ್ಕ ಬಾಯಿಲೇ ಹೇಳಿಬಿಡ್ತೀನಿ. ಉದ್ದ ಆತಂದ್ರ ಸ್ಪೀಡ್ ಹೆಚ್ಚ ಮಾಡಿ ಕೇಳ್ರಿ, ಬೈಬ್ಯಾಡ್ರಿ.

ನಮಗ ಬಾಸ್ಕೆಟ್‌ಬಾಲ್ ಕಲಿಸಿದ ಕೋಚ್ ಸರ್‌ಗೆ 75 ತುಂಬ್ತಾವ, ಸನ್ಮಾನ ಆಗಬೇಕು, ಇದರಾಗ ಎರಡು ಮಾತಿಲ್ಲ. ಪಂಡಿತ ರಂಗಮಂದಿರ ಹಿಡೀಬೇಕಂತ ಅಡ್ಮಿನ್ ಅಣ್ಣಾರು ಅಂದೀರಿ, ಹಿಡೀರಿ. ಶಾಲು, ಹಣ್ಣಿನ ಬುಟ್ಟಿ, ಎಲ್ಲಾ ಇರ್ಲಿ. ಪೇಟ ಒಂದು ಬ್ಯಾಡ್ರಿ, ಆ ಬಿಳಿ ಕ್ಯಾಪ್ ಬಿಟ್ರ ಸರ್ ತಲಿಗಿ ಮತ್ತೇನೂ ಕೂಡಂಗಿಲ್ಲ. ನನ್ನ ತಕರಾರು ಮಾನಪತ್ರದ್ದು. "ಕಲ್ಯಾಣ ಕರ್ನಾಟಕದ ದ್ರೋಣಾಚಾರ್ಯ" ಅಂತ ಶುರು ಮಾಡೀರಿ, ಕೆಳಗ "ಸಾಧನೆಗಳು" ಅಂತ ಬರ್ದು ಜಾಗ ಖಾಲಿ ಬಿಟ್ಟೀರಿ. ಅದಕ್ಕ ಬೀದರ್ ಅಣ್ಣಾರು "ರಾಜ್ಯಮಟ್ಟದ ಕಪ್ ಒಂದೂ ಇಲ್ಲಲ್ಲ, ಏನ್ ಬರಿಯೋದು" ಅಂತ ಕೇಳ್ಯಾರ.

ಮೊದಲು ದ್ರೋಣಾಚಾರ್ಯನ ಮಾತು. ಕೋಚ್‌ಗಳಿಗೆ ಕೇಂದ್ರ ಸರ್ಕಾರ 1985ರಿಂದ ಆ ಹೆಸರಿಲೆ ಪ್ರಶಸ್ತಿ ಕೊಡ್ತದ, ಗೊತ್ತದ ನನಗ. ಆಟಗಾರರಿಗೆ ನಮ್ಮ ರಾಜ್ಯ ಸರ್ಕಾರ ಕೊಡೋದು ಏಕಲವ್ಯ ಪ್ರಶಸ್ತಿ. ಗುರುವಿನ ಹೆಸರಿಲೆ ಒಂದು, ಅವನಿಗೆ ಹೆಬ್ಬೆರಳು ಕೊಟ್ಟವನ ಹೆಸರಿಲೆ ಇನ್ನೊಂದು, ಇದೇನ್ ಲೆಕ್ಕೋ ನನಗಂತೂ ತಿಳಿದಿಲ್ಲ. ನಮ್ಮ ಸರ್ ಯಾರ ಬೆರಳನ್ನ ಕೇಳ್ಯಾರ್ರೀ? ಬಾಲ್ ಬಡದು ಬೆರಳು ಬಾತ್ರ ಅದನ್ನ ಬಾಜೂ ಬೆರಳಿಗಿ ಕೂಡ್ಸಿ ಪಟ್ಟಿ ಸುತ್ತಿ, "ಎರಡು ದಿನ ಎಡಗೈಲೆ ಡ್ರಿಬಲ್ ಮಾಡು" ಅಂತಿದ್ರು. ನನ್ನ ಎಡಗೈ ಹಂಗೇ ತಯಾರಾಗಿದ್ದು. ಆ ಹೆಸರು ತಗೀರಿ.

ಇನ್ನ ಕಪ್. ಅಮೆರಿಕದಾಗ ಜಾನ್ ವುಡನ್ ಅಂತ ಕೋಚ್ ಇದ್ರು. 1948ರಾಗ ಯುಸಿಎಲ್‌ಎ ಕಾಲೇಜಿಗಿ ಬಂದ್ರು, ಮೊದಲ್ನೇ ರಾಷ್ಟ್ರೀಯ ಪಟ್ಟ ಸಿಕ್ಕಿದ್ದು 1964ಕ್ಕ. ಅದನ್ನೂ ಹಿಡದು 1975ರ ತನಕ ಹತ್ತು ಗೆದ್ರು, ಅದು ಬ್ಯಾರೆ. ಹದಿನೈದು ವರ್ಷ ಖಾಲಿ ಕೈಲೆ ಇದ್ದಾಗೂ ಆ ಮನುಷ್ಯ ಅದೇ ಕೋಚೇ ಅಲ್ಲೇನ್ರೀ? ಹೊಸ ಹುಡುಗುರಿಗೆ ಅವರು ಮೊದಲು ಕಲಸ್ತಿದ್ದದ್ದು ಕಾಲುಚೀಲ ಹಾಕೋದಂತ. ಮೊನ್ನೆ ನನ್ನ ಮಗ ಮೊಬೈಲಿನ್ಯಾಗ ಇದನ್ನ ತೋರಿಸ್ದಾಗ ನಾ ನಕ್ಕೆ. ನಮ್ಮನ್ನ ಬೇವಿನ ಗಿಡದ ಬುಡಕ ಕುಂದ್ರಿಸಿ, ಚೀಲದಾಗ ಸುಕ್ಕು ಇದ್ರ ಬೊಬ್ಬಿ ಏಳ್ತಾವ ಅಂತ ಒಬ್ಬೊಬ್ಬರ ಹಿಮ್ಮಡ ಮುಟ್ಟಿ ನೋಡ್ತಿದ್ರಲ್ಲ ಸರ್, ನೆನಪಾತಿಲ್ರೀ? ಕಲಬುರ್ಗಿ ಏಪ್ರಿಲ್ ಬಿಸಲಾಗ ಸಿಮೆಂಟಿನ ಕೋರ್ಟ್ ಅಂದ್ರ ಹೆಂಚು ಇದ್ದಂಗ.

ಆ ಕೋರ್ಟಿಂದೇ ಒಂದು ಕಥಿ. ಕೆಳಗ ಎರಿ ಮಣ್ಣು. ಬ್ಯಾಸಿಗ್ಯಾಗ ಬಾಯಿ ಬಿಡ್ತದ, ಮಳಿ ಬಿದ್ರ ಉಬ್ತದ, ಮ್ಯಾಲಿನ ಸಿಮೆಂಟ್ ಒಂದು ಕಡಿ ಏಳ್ತದ, ಇನ್ನೊಂದು ಕಡಿ ಕುಸೀತದ. ಕಂಬ ವಾಲ್ತದ. ಅದರ ಮ್ಯಾಲ ನಮ್ಮ ಹುಡುಗುರು ರಿಂಗಿಗಿ ಜೋತು ಬೀಳೋದು. ಹಿಂಗಾಗಿ ರಿಂಗಿನ ಎತ್ತರ ಒಂದೇ ಸಮ ನಿಲ್ತಿದ್ದಿಲ್ಲ. ಅದಕ್ಕ ಸರ್ ಕಡೆ ಒಂದು ಬಿದಿರಿನ ಕೋಲು ಇತ್ತು, 10 ಅಡಿಗಿ ಸರಿಯಾಗಿ ಚಾಕುಲೆ ಗೀಟು ಕೊರದು ಕೆಂಪು ಬಣ್ಣ ಹಚ್ಚಿದ್ದು. ತಿಂಗಳಿಗೊಮ್ಮಿ ಅಳೀತಿದ್ರು. ಬೆರಳೆರಡು ಕಡಿಮಿ ಇದ್ರ ಅವತ್ತು ಶೂಟಿಂಗ್ ಇಲ್ಲ, ಬರೀ ಪಾಸಿಂಗ್. "ತಪ್ಪು ಎತ್ತರಕ್ಕ ಕೈ ರೂಢಿ ಆದ್ರ ಆಮ್ಯಾಲ ನಾ ಹ್ಯಾಂಗ್ ಬಿಡಿಸ್ಲಿ" ಅಂತಿದ್ರು. ಈ ಹತ್ತಡಿ ಎಲ್ಲಿಂದ ಬಂತು ಅಂತ ಹೇಳಿದ್ದೂ ಅವರೇ. 1891ರಾಗ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಜಿಮ್ಮಿನ್ಯಾಗ ಜೇಮ್ಸ್ ನೈಸ್ಮಿತ್ ಅನ್ನೋ ಮಾಸ್ತರು ಪೀಚ್ ಹಣ್ಣಿನ ಬುಟ್ಟಿ ಎರಡು ತಂದು ಬಾಲ್ಕನಿ ಕಟಾಂಜನಕ್ಕ ಬಡದ್ರು, ಆ ಕಟಾಂಜನ ಇದ್ದದ್ದೇ ಹತ್ತಡಿ. ಇವತ್ತಿಗೂ ಜಗತ್ತೆಲ್ಲಾ ಅದೇ ಎತ್ತರ.

2000ದಾಗ ನಿಯಮ ಬದಲಾದಾಗ ಸರ್ ಝೆರಾಕ್ಸ್ ಹಿಡ್ಕೊಂಡು ಬಂದಿದ್ರು. 20 ನಿಮಿಷದ ಎರಡು ಹಾಫ್ ಹೋಗಿ 10 ನಿಮಿಷದ ನಾಲ್ಕು ಕ್ವಾರ್ಟರ್, ಬಾಲ್ ಕೈಗಿ ಬಂದ ಮ್ಯಾಲ ಶಾಟ್ ಹೊಡೀಲಾಕ 30 ಸೆಕೆಂಡ್ ಇದ್ದದ್ದು 24 ಆತು. ನಮ್ಮಲ್ಲಿ ಶಾಟ್ ಕ್ಲಾಕ್ ಎಲ್ಲಿಂದ ಬರ್ಬೇಕು? ಗೆರಿ ಮ್ಯಾಲ ನಿಂತು ಸರ್ ತಾವೇ ಬಾಯಿಲೆ ಎಣಸ್ತಿದ್ರು. ಎಂಟಕ್ಕ ಬಂದ್ರು ಅಂದ್ರ ದನಿ ಏರ್ತಿತ್ತು. ಈಗೂ ಗ್ಯಾಸ್ ಮ್ಯಾಲಿನ ಹಾಲು ಉಕ್ಕೋ ಹೊತ್ತಿಗಿ ನನ್ನ ಕಿವ್ಯಾಗ ಅದೇ ಎಣಿಕಿ.

ಮತ್ತ ಒಂದು, ಇದನ್ನ ಯಾರೂ ಬರ್ದಿಲ್ಲ. ಹುಡುಗ್ಯಾರ ಟೀಮ್ ಹ್ಯಾಂಗಾತು? ಸರ್ ನಮ್ಮ ಮನಿಗಿ ಬಂದು ಕಟ್ಟಿ ಮ್ಯಾಲ ಕುಂತು ಅಪ್ಪನ ಕೂಡ ಅರ್ಧ ತಾಸು ತೊಗರಿ ರೇಟು ಮಾತಾಡಿದ್ರು. ಚಾ ಕುಡದ್ರು. ಎದ್ದು ಚಪ್ಪಲ್ ಮೆಟ್ಟೋವಾಗ, "ನಾಳಿಂದ ತಂಗಿಗಿ ಐದೂವರಿಗಿ ಕಳ್ಸ್ರಿ, ನಮ್ಮ ಮನ್ಯಾಕಿನೂ ಗ್ರೌಂಡಿನ್ಯಾಗ ಇರ್ತಾಳ" ಅಂದ್ರು. ಅಪ್ಪ ನಂಬಿದ್ದಿಲ್ಲ, ಮುಂಜಾನಿ ಹಿಂದೇ ಬಂದ. ಅಮ್ಮಾರು ಖರೇನೇ ಅಲ್ಲಿ ತಟ್ಟು ಹಾಸ್ಕೊಂಡು ಪುಂಡಿ ಪಲ್ಯಾ ಸೋಸ್ಲಾಕ ಕುಂತಿದ್ರು. ನಾ ಚೂಡಿದಾರ ಮ್ಯಾಲೇ ಆಡಿದೆ ಅವತ್ತು, ಓಡಣಿ ಸೊಂಟಕ್ಕ ಬಿಗದು. ಅಪ್ಪ ಎರಡನೇ ದಿನ ಬರಲಿಲ್ಲ. ಅಮ್ಮಾರು ಮಾತ್ರ ವರ್ಷಗಟ್ಲೆ ಬಂದ್ರು. ಅದಕ್ಕ ಸ್ಟೇಜ್ ಮ್ಯಾಲ ಕುರ್ಚಿ ಎರಡು ಹಾಕ್ರಿ, ಶಾಲೂ ಎರಡು ತರ್ರಿ. ಮಂತ್ರಿಗಳಿಗೆ ಜಾಗ ಕಡಿಮಿ ಬಿದ್ರ ಬೀಳ್ಲಿ.

ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿದಾಗ ಬೆಂಗಳೂರಿಗಿ ಹೋಗಿ, ಕಟ್ಟಿಗಿ ನೆಲದ ಮ್ಯಾಲ ಜಾರಿ ಜಾರಿ ಸೋತು ಬಂದದ್ದನ್ನ ಬರೀಬ್ಯಾಡ್ರಿ. ಅದು ನಮ್ಮ ನಮ್ಮೊಳಗೇ ಇರ್ಲಿ.

ಕಡೀಕ ಒಂದು ಕೆಲಸದ ಮಾತು. ಹೋದ ವಾರ ಯಾದಗಿರಿಯಿಂದ ಬಂದಾಗ ಸರ್ ಮನಿಗಿ ಹೋಗಿದ್ದೆ. ಕಣ್ಣು ಮಂಜಾಗ್ಯಾವ, ಗ್ರೌಂಡಿಗೆ ಹೋಗೋದು ಬಿಟ್ಟಾರ. ಕುಂದ್ರೋದಕ್ಕಿಂತ ಮೊದಲೇ, "ರಿಂಗ್ ಎಷ್ಟದ ಈಗ?" ಅಂತ ಕೇಳಿದ್ರು. "ಹತ್ತಡಿ ಅದ ಸರ್" ಅಂದುಬಿಟ್ಟೆ. ಬರೋವಾಗ ಅಮ್ಮಾರ ಕಡೆ ಆ ಕೋಲು ಇಸ್ಕೊಂಡು ಹೋಗಿ ಹಿಡದ್ರ, ಗೀಟಿಗಿಂತ ನಾಲ್ಕು ಇಂಚು ಕೆಳಗದ. ಕಾರ್ಯಕ್ರಮದ ದಿನ ಬೆಳಿಗ್ಗಿ ಸರ್‌ನ ಮೊದಲು ಗ್ರೌಂಡಿಗೇ ಕರ್ಕೊಂಡು ಹೋಗೋಣು ಅಂತ ನನ್ನ ವಿಚಾರ. ಕೋಲು ಅವರ ಕೈಯಾಗೇ ಇರ್ತದ, ಅಳೀದೇ ಬಿಡಂಗಿಲ್ಲ ಅವರು. ಅಷ್ಟರಾಗ ಕಂಬ ನೆಟ್ಟಗಾಗಬೇಕು. ಛಲೋ ವೆಲ್ಡಿಂಗ್‌ನವರ ಗುರ್ತು ಯಾರಿಗದ, ನಂಬರ್ ಹಾಕ್ರಿ.