ಕ್ರಿಸ್‌ಮಸ್ ರಜೆಗೆ ಮಗ ಮನೆಗೆ ಬರೋದಿಲ್ಲ ಅಂತಿದ್ದಾನೆ, ಏನು ಮಾಡಲಿ?

ಹುಬ್ಬಳ್ಳಿಯವಳು, ಈಗ ಲಂಡನ್ ಹತ್ತಿರ:
ಎಲ್ಲರಿಗೂ ನಮಸ್ಕಾರ. ಮನಸ್ಸು ಸರಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಗನಿಗೆ 13 ವರ್ಷ. ಜೂನ್‌ನಲ್ಲಿ ಧಾರವಾಡದ ಒಂದು ಬೋರ್ಡಿಂಗ್ ಶಾಲೆಗೆ ಸೇರಿಸಿದೆವು. ಕನ್ನಡ ಬರಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಅಜ್ಜ ಅಜ್ಜಿಗೆ ಹತ್ತಿರ ಇರಲಿ ಅಂತ. ಮೊದಲ ಎರಡು ತಿಂಗಳು ಫೋನಿನಲ್ಲಿ ಬರೀ ಅಳು. ನಾನೂ ಅಳುತ್ತಿದ್ದೆ. ಈಗ ಭಾನುವಾರದ ಫೋನು ಹತ್ತು ನಿಮಿಷಕ್ಕೇ ಮುಗಿಯುತ್ತದೆ. ಹಿಂದಿನಿಂದ ಯಾರೋ ಹುಡುಗರು ಕೂಗುತ್ತಿರುತ್ತಾರೆ, ಇವನು ‘ಅಮ್ಮಾ, ಇಡ್ತೀನಿ’ ಅಂತಾನೆ.

ಡಿಸೆಂಬರ್ 23ಕ್ಕೆ ಟಿಕೆಟ್ ಮಾಡಿಸಿದ್ದೇವೆ. ಹೋದ ವಾರ ‘ಕ್ರಿಸ್‌ಮಸ್‌ಗೆ ಬೆಟಗೇರಿಗೆ ಹೋಗ್ತೀನಿ, ಗೆಳೆಯನ ಮನೆಗೆ’ ಅಂದ. ಆ ಹುಡುಗನದು ಇವನ ಪಕ್ಕದ ಹಾಸಿಗೆ. ಕ್ರೈಸ್ತರು, ಒಳ್ಳೆಯ ಜನ ಅಂತ ವಾರ್ಡನ್ ಹೇಳುತ್ತಾರೆ. ಆ ಬಗ್ಗೆ ನನಗೇನೂ ಇಲ್ಲ. ಆದರೆ ಆರು ತಿಂಗಳಿಂದ ಅವನ ಮುಖವನ್ನು ಎದುರು ನೋಡಿಲ್ಲ. ನನ್ನನ್ನು ಮರೆತನಾ? ಕಳಿಸಬೇಕಾ, ಬೇಡವಾ? ಕಳಿಸುವುದಾದರೆ ಶಾಲೆಗೆ ಏನು ಬರೆದುಕೊಡಬೇಕು?

ಗದಗಿನವರು, ದುಬೈ:
ಅಕ್ಕಾ, ಮೊದಲು ಶಾಲೆಯಲ್ಲಿ ಲೋಕಲ್ ಗಾರ್ಡಿಯನ್ ಅಂತ ಯಾರ ಹೆಸರು ಬರೆಸಿದ್ದೀರಿ ನೋಡಿ. ಅಜ್ಜನ ಹೆಸರಿದ್ದರೆ ಬೇರೆಯವರ ಜೊತೆ ಹುಡುಗನನ್ನು ಸುಮ್ನೆ ಬಿಡುವುದಿಲ್ಲ. ನೀವು, ನಿಮ್ಮ ಯಜಮಾನರು ಇಬ್ಬರೂ ಸಹಿ ಮಾಡಿ ಪತ್ರ ಕಳಿಸಿ. ಯಾರು ಕರೆದುಕೊಂಡು ಹೋಗುತ್ತಾರೆ, ಯಾವತ್ತು ವಾಪಸ್, ಎಲ್ಲ ಬರೆಯಿರಿ. ಆ ಹುಡುಗನ ತಂದೆಯ ಆಧಾರ್ ಪ್ರತಿ ಕೇಳಿದರೂ ಕೇಳಬಹುದು. ಟಿಕೆಟ್ ರದ್ದು ಮಾಡಬೇಡಿ, 27ಕ್ಕೋ 28ಕ್ಕೋ ಮುಂದೆ ಹಾಕಿಸಿ. ಪಾಸ್‌ಪೋರ್ಟ್, ಓಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಅಜ್ಜನ ಹತ್ತಿರವೇ ಇರಲಿ, ಹುಡುಗನ ಬ್ಯಾಗಿನಲ್ಲಿ ಬೇಡ.

ನ್ಯೂಜೆರ್ಸಿಗೆ ಬಂದು 22 ವರ್ಷ:
ಇದಕ್ಕೆಲ್ಲ ಮೂಲ ಬೋರ್ಡಿಂಗ್. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಮಕ್ಕಳನ್ನು ಹೆತ್ತವರೇ ಬೆಳೆಸಬೇಕು. ಹದಿಮೂರನೇ ವಯಸ್ಸಿನಲ್ಲಿ ಜೊತೆಗೆ ಇರದವರು ಮೂವತ್ತರಲ್ಲಿ ಬಾ ಅಂದರೆ ಮಗ ಬರುತ್ತಾನಾ? ಕನ್ನಡ ಕಲಿಸಲು ಏಳೆಂಟು ಸಾವಿರ ಕಿಲೋಮೀಟರ್ ದೂರ ಕಳಿಸಬೇಕಾಗಿಲ್ಲ. ಮನೆಯಲ್ಲಿ ಮಾತಾಡಿದರೆ ಸಾಕು. ಈ ರಜೆಗೆ ಕರೆಸಿಕೊಳ್ಳಿ, ಮತ್ತೆ ಕಳಿಸಬೇಡಿ.

ಡಲ್ಲಾಸ್, ಇಬ್ಬರು ಹೆಣ್ಣುಮಕ್ಕಳು:
ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮಕ್ಕಳು ಇಲ್ಲೇ ಹುಟ್ಟಿದವರು. ದೊಡ್ಡವಳು ವಚನ ಹೇಳುತ್ತಾಳೆ, ಚಿಕ್ಕವಳು ಒತ್ತಕ್ಷರ ತಪ್ಪಿಲ್ಲದೆ ಬರೆಯುತ್ತಾಳೆ. ಪ್ರತಿ ಶನಿವಾರ ಕನ್ನಡ ಶಾಲೆ, ಒಂದು ದಿನವೂ ತಪ್ಪಿಸಿಲ್ಲ. ರೊಟ್ಟಿ ಬಡಿಯುವುದನ್ನೂ ಕಲಿಸಿದ್ದೇನೆ.

ಸಿಡ್ನಿ:
ಭಾಷೆ ಬರುತ್ತದೆ ಅಕ್ಕಾ, ಅದೊಂದೇ ಸಾಲದು. ನನ್ನ ಮಗ ಒಳ್ಳೆಯ ಕನ್ನಡ ಮಾತಾಡುತ್ತಾನೆ, ನಮ್ಮ ಜೊತೆ ಮಾತ್ರ. ಮೂರು ಊರು ಬದಲಿಸಿದೆವು, ನಾಲ್ಕು ಶಾಲೆ. ಈಗ ಅವನಿಗೆ 19. ಬಾಗಿಲು ತಟ್ಟಿ ‘ಅವನಿದ್ದಾನಾ ಆಂಟಿ’ ಅಂತ ಒಬ್ಬ ಹುಡುಗನೂ ಬಂದಿಲ್ಲ. ಹುಟ್ಟುಹಬ್ಬಕ್ಕೆ ಯಾರನ್ನು ಕರೆಯೋಣ ಅಂತ ಕೇಳಿದರೆ ಸುಮ್ಮನಿರುತ್ತಾನೆ. ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ನ್ಯೂಜೆರ್ಸಿಗೆ ಬಂದು 22 ವರ್ಷ:
ಗೆಳೆಯರು ಬರುತ್ತಾರೆ, ಹೋಗುತ್ತಾರೆ. ತಂದೆ ತಾಯಿ ಒಬ್ಬರೇ. ನಾನು ಮಕ್ಕಳಿಗಾಗಿ ಎರಡು ಸಲ ದೊಡ್ಡ ಕೆಲಸ ಬಿಟ್ಟೆ. ಒಂದು ರಾತ್ರಿಯೂ ಅವರನ್ನು ಬೇರೆಯವರ ಮನೆಯಲ್ಲಿ ಮಲಗಲು ಬಿಟ್ಟಿಲ್ಲ.

ಟೊರೊಂಟೊ, ಮೂಲ ಧಾರವಾಡ:
ಕ್ಷಮಿಸಿ, ಸ್ವಲ್ಪ ಉದ್ದ ಆಗುತ್ತದೆ. 1991. ಧಾರವಾಡದ ಒಂದು ಹಾಸ್ಟೆಲ್, ಎಂಟನೇ ಇಯತ್ತೆ. ನನ್ನ ಅಪ್ಪ ಅಮ್ಮ ಮಸ್ಕತ್‌ನಲ್ಲಿ. ಕ್ರಿಸ್‌ಮಸ್‌ಗೆ ಒಂದು ವಾರ ಇರುವಾಗ ಹುಡುಗರೆಲ್ಲ ಸೇರಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದೆವು. ಬಿದಿರಿನ ಸೀಳಿಗೆ ಗಾಳಿಪಟದ ಹಾಳೆ ಅಂಟಿಸಿ ನಕ್ಷತ್ರ. ಹುಲ್ಲು ತರುವ ಪಾಳಿ ನನ್ನದು ಮತ್ತು ಬ್ಯಾಡಗಿಯ ಒಬ್ಬ ಹುಡುಗನದು. ಇಬ್ಬರೂ ಕ್ರೈಸ್ತರಲ್ಲ. ಬೆಳಿಗ್ಗೆ ಚಳಿಯಲ್ಲಿ ಹಲ್ಲು ಕಟಕಟ ಅನ್ನುತ್ತಾ, ಒಂದೇ ಶಾಲು ಹೊದ್ದುಕೊಂಡು ಗೌಳಿಗರ ಮನೆಗೆ ಹೋಗಿ ಹುಲ್ಲು ಹೊತ್ತು ತರುತ್ತಿದ್ದೆವು. ಅವನ ಟ್ರಂಕಿನಲ್ಲಿ ಗುರೆಳ್ಳು ಚಟ್ನಿಯ ಎರಡು ಗಂಟು ಇರುತ್ತಿದ್ದವು. ಒಂದು ನನಗೆ ಅಂತಲೇ ಅವರವ್ವ ಕಟ್ಟಿ ಕಳಿಸಿದ್ದು. ಅವರು ನನ್ನನ್ನು ನೋಡೇ ಇರಲಿಲ್ಲ.

24ರ ಮಧ್ಯಾಹ್ನ ಎಲ್ಲರೂ ಟ್ರಂಕ್ ಹೊತ್ತು ಹೊರಟರು. ನನ್ನನ್ನು ಕರೆದೊಯ್ಯಬೇಕಿದ್ದ ಸೋದರಮಾವ ಬರಲಿಲ್ಲ. ಮೆಸ್ ಬಂದ್. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಕತ್ತಲಾಗುವ ಹೊತ್ತಿಗೆ ಗೇಟಿನಲ್ಲಿ ಬ್ಯಾಡಗಿಯವನು. ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ತನಕ ಹೋದವನು ಅವರಪ್ಪನನ್ನು ಕಾಡಿ ವಾಪಸ್ ಎಳೆದುಕೊಂಡು ಬಂದಿದ್ದ. ಅವರಪ್ಪ ಮಾವನ ಮನೆಗೆ ಫೋನ್ ಮಾಡಿಸಿ ಒಪ್ಪಿಗೆ ಕೇಳಿದರು, ವಾರ್ಡನ್ ಪುಸ್ತಕದಲ್ಲಿ ಸಹಿ ಹಾಕಿದರು. ಇವನು ‘ನಡಿಯೋ’ ಅಂದ, ಅಷ್ಟೇ.

ಅವರ ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ನನಗೆ ಸೀನಿನ ಮೇಲೆ ಸೀನು. ಅವರವ್ವ ಸೆರಗಿನಿಂದ ನನ್ನ ಮೂಗು ಒರೆಸಿದರು. ಹೋದ ವರ್ಷ ಅವರು ತೀರಿಕೊಂಡಾಗ ಇಲ್ಲಿಂದ ಹೋಗಿ ಮೂರು ದಿನ ಇದ್ದು ಬಂದೆ.

ತಂಗಿ, ಆ ಮನೆಯ ಬಗ್ಗೆ ನಾನು ನನ್ನ ಅಮ್ಮನಿಗೆ ವರ್ಷಗಟ್ಟಲೆ ಹೇಳಲಿಲ್ಲ. ಅವಳಿಗೆ ನೋವಾಗುತ್ತದೆ ಅಂತ ಹೆದರಿಕೆ. ನಿನ್ನ ಮಗ ನಿನ್ನನ್ನೇ ಕೇಳಿದ್ದಾನೆ ಅಲ್ವಾ.

ನ್ಯೂಜೆರ್ಸಿಗೆ ಬಂದು 22 ವರ್ಷ:
ನೋಡಿ, ಇದೇ ನಾನು ಹೇಳಿದ್ದು. ಹದಿಮೂರು ವರ್ಷದ ಹುಡುಗ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

ಬೆಟಗೇರಿ ತವರು, ಈಗ ಜರ್ಮನಿ:
ಬೆಟಗೇರಿ ಅಂತ ನೋಡಿ ಓಡಿ ಬಂದೆ! ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, ಸ್ವಲ್ಪ ವರ್ಷದಲ್ಲೇ ನಮ್ಮೂರಿಗೂ ಬಂದರು. ನಮ್ಮ ಓಣಿಯಲ್ಲಿ ಕ್ರಿಸ್‌ಮಸ್ ಅಂದರೆ ಕನ್ನಡದ ಹಾಡು. ರಾತ್ರಿ ಮನೆಮನೆಗೆ ಬಂದು ಹಾಡುತ್ತಾರೆ, ನಾವೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು. ಬೆಳಿಗ್ಗೆ ಕರ್ಚಿಕಾಯಿ, ಚಕ್ಕಲಿ, ಕೇಕಿನ ತಾಟು ಎಲ್ಲ ಮನೆಗೂ ಹೋಗುತ್ತಿತ್ತು. ಕನ್ನಡ ಬರಲಿ ಅಂತ ತಾನೇ ಕಳಿಸಿದ್ದು? ಹೋಗಲಿ ಬಿಡಿ.

ಹುಬ್ಬಳ್ಳಿಯವಳು, ಈಗ ಲಂಡನ್ ಹತ್ತಿರ:
ಎಲ್ಲರಿಗೂ ಧನ್ಯವಾದ. ಮೂರು ದಿನ ಬೋರ್ಡಿಂಗ್ ಸರಿಯೋ ತಪ್ಪೋ ಅಂತ ಓದಿ ಓದಿ ನಿದ್ದೆ ಬರಲಿಲ್ಲ. ದುಬೈ ಅಣ್ಣ ಬರೆದದ್ದು ಇವತ್ತು ಕಣ್ಣಿಗೆ ಬಿತ್ತು. ಪತ್ರ ಕಳಿಸಿದೆವು. ಟಿಕೆಟ್ 27ಕ್ಕೆ ಹಾಕಿಸಿದೆವು.

ನಿನ್ನೆ ಆ ಹುಡುಗನ ತಾಯಿಗೆ ಫೋನ್ ಮಾಡಿದ್ದೆ. ಇವನಿಗೆ ಖಾರ ಆಗುವುದಿಲ್ಲ, ಮೊಸರನ್ನ ಕೊಟ್ಟರೆ ಸಾಕು ಅಂದೆ. ಅವರು ‘ಇಲ್ರೀ ಅಕ್ಕಾರ, ಅವನಿಗೆ ನಮ್ಮನಿ ಅಗಸಿ ಹಿಂಡಿ ಭಾಳ ಸೇರ್ತದ, ಮೊನ್ನೆ ಒಂದು ಡಬ್ಬಿ ಕಳಿಸೀನಿ’ ಅಂದರು. ಆ ಖಾರದ ಅಗಸೆ ಚಟ್ನಿಪುಡಿಯನ್ನು ಹೇಗೆ ಮಾಡುತ್ತೀರಿ ಅಂತ ಕೇಳಿ ಬರೆದುಕೊಂಡೆ.